ವಿದ್ಯೆಯೇ ಊರಿಗೆ ಬಂದಾಗ

ಜೊಯಿಡಾದ ಕಾಡಿನೊಳಗಣ ಹಳ್ಳಿಯವರಿಗೆ ಕಾಯಿಲೆ ಬಿಗಡಾಯಿಸಿತೆಂದರೆ ದಾಂಡೇಲಿಗೋ ಹಳಿಯಾಳಕ್ಕೋ ಬರಬೇಕು; ಅಲ್ಲಿಯೂ ಕೈಮೀರಿತೆಂದರೆ ಹುಬ್ಬಳ್ಳಿ-ಧಾರವಾಡದ ದಾರಿ ಹಿಡಿಯಬೇಕು. ಮುಂಡಗೋಡದವರ ಪಾಡೂ ಹೆಚ್ಚುಕಡಿಮೆ ಇದೇ. ರೋಗಿ ಸವೆಸುವ ಈ ದಾರಿಯನ್ನು ವಿದ್ಯೆಯೇ ನಡೆದು ಬರಬಾರದೆ?

ಬರಬಹುದೆಂಬುದಕ್ಕೆ ನಿದರ್ಶನವುಂಟು. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ ಅರೋರಾ ಅವರು 'ಎಕೋ' ಎಂಬ ಕ್ರಮವೊಂದನ್ನು ಆರಂಭಿಸಿದರು. ಹಳ್ಳಿಯ ವೈದ್ಯರು ತಮ್ಮ ರೋಗಿಗಳ ವೃತ್ತಾಂತವನ್ನು ವಿಡಿಯೋ ಮೂಲಕ ತಜ್ಞರ ಮುಂದಿಟ್ಟು, ಚರ್ಚಿಸುತ್ತ ಕಲಿಯುವರು. ಹೀಗೆ ಕಲಿತವರು ಹೆಪಟೈಟಿಸ್-ಸಿ ರೋಗಕ್ಕೆ ನೀಡಿದ ಚಿಕಿತ್ಸೆಯು ವಿಶ್ವವಿದ್ಯಾಲಯದ ಚಿಕಿತ್ಸೆಗೆ ಸಮನಾಗಿತ್ತೆಂದು 2011ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇದೇ ಮಾರ್ಗವನ್ನು ಹಿಡಿದು, ದೂರದ ಛತ್ತೀಸಗಢದ ವೈದ್ಯರಿಗೆ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿದೆ.

ಆದರೆ ಒಂದು ಮಾತು. ನಾಡಿ ಹಿಡಿಯುವ ಕೈಯನ್ನು ಪರದೆಯು ಪಳಗಿಸಲಾರದು; ರೋಗಿಯ ಹಾಸಿಗೆಯ ಪಕ್ಕದ ಪಾಠಕ್ಕೆ ಬದಲಿಲ್ಲ. ಪರದೆಯ ಉಪಕಾರ ಬೇರೆಯದು: ಒಂಟಿಯಾಗಿರುವ ಹಳ್ಳಿಯ ವೈದ್ಯನಿಗೆ, ಸಂಶಯ ಬಂದಾಗ ಕೇಳಲು ಒಬ್ಬ ಹಿರಿಯನನ್ನು ಅದು ಒದಗಿಸೀತು.

ಅದಕ್ಕಾದರೂ ಸಂಪರ್ಕ ಬೇಡವೆ? ಕಾಡಿನ ಎಷ್ಟೋ ಊರುಗಳಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗದು. ಸೂಪಾ ಅಣೆಕಟ್ಟಿಗೆ ನೆಲವನ್ನಿತ್ತು ನಾಡಿಗೆ ಬೆಳಕು ಕೊಟ್ಟ ತಾಲ್ಲೂಕು ಜೊಯಿಡಾ. ಆ ಋಣವನ್ನು ನಾಡು ಒಂದು ತಂತಿಯೆಳೆದಾದರೂ ತೀರಿಸಬೇಕಲ್ಲವೆ?