ಖಾಲಿದ್ ಜಮೀಲ್: ಈ ಸೋಲು ಯಾರದು?

2025ರ ಅಕ್ಟೋಬರ್ 14ರಂದು ಮಡಗಾಂವ್‌ನ ಫಟೋರ್ಡಾ ಕ್ರೀಡಾಂಗಣದಲ್ಲಿ ಭಾರತ ಫುಟ್‌ಬಾಲ್ ತಂಡ ಸಿಂಗಪುರಕ್ಕೆ 1–2ರಿಂದ ಶರಣಾಯಿತು. ಛಾಂಗ್ಟೆ ಆರಂಭದಲ್ಲೇ ತಂದುಕೊಟ್ಟ ಮುನ್ನಡೆ ಉಳಿಯಲಿಲ್ಲ. ಅದರೊಂದಿಗೆ 2027ರ ಏಷ್ಯಾ ಕಪ್‌ನ ಬಾಗಿಲೂ ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರು ಮತ್ತೊಂದು ಸೋಲು. ಆ ನೆರೆಯವರ ಕೈಯಲ್ಲಿ ಭಾರತ ಸೋತದ್ದು 22 ವರ್ಷಗಳ ನಂತರ. ಆಗಸ್ಟ್‌ನಲ್ಲಷ್ಟೇ ಹೊಣೆ ಹೊತ್ತಿದ್ದ ಕೋಚ್ ಖಾಲಿದ್ ಜಮೀಲ್ ಟೀಕೆಗೆ ಗುರಿಯಾದದ್ದು ಸಹಜವೇ. ಆದರೆ ಇದರಿಂದ ಭಾರತೀಯ ತರಬೇತುದಾರರ ಯೋಗ್ಯತೆಯೇ ಇಷ್ಟು ಎಂದು ತೀರ್ಪು ಕೊಡುವುದನ್ನು ನಾನು ಒಪ್ಪಲಾರೆ.

ಕುವೈತ್‌ನಲ್ಲಿ ಹುಟ್ಟಿದ ಜಮೀಲ್ ಮಹೀಂದ್ರ ಯುನೈಟೆಡ್, ಏರ್ ಇಂಡಿಯಾ, ಮುಂಬೈ ಎಫ್‌ಸಿ ತಂಡಗಳಿಗೆ ಮಿಡ್‌ಫೀಲ್ಡರ್ ಆಗಿ ಆಡಿದವರು. ದೇಶಕ್ಕೂ ಆಡಿದರು, ತಾರೆಯೇನೂ ಆಗಲಿಲ್ಲ. 2009ರಲ್ಲಿ ಆಟ ನಿಲ್ಲಿಸಿ ಮುಂಬೈ ಎಫ್‌ಸಿಯ ಕೋಚ್ ಆದರು. ಏಳು ವರ್ಷ ಸದ್ದಿಲ್ಲದೆ ದುಡಿದರು. ಹೆಸರು ಬಂದದ್ದು ಮಿಜೋರಾಂನ ಐಜ್ವಾಲ್ ಎಫ್‌ಸಿಯಿಂದ. ಹಿಂದಿನ ವರ್ಷವಷ್ಟೇ ಹಿಂಬಡ್ತಿ ಪಡೆದು, ಹೇಗೋ ಮತ್ತೆ ಸೇರ್ಪಡೆಯಾಗಿದ್ದ ಆ ಪುಟ್ಟ ಕ್ಲಬ್ 2016–17ರ ಐ–ಲೀಗ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಒಂದೇ ಒಂದು ಪಾಯಿಂಟ್‌ನಿಂದ ಹಿಂದಿಕ್ಕಿ ಚಾಂಪಿಯನ್ ಆಯಿತು. ಈಶಾನ್ಯದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಈ ಸಾಧನೆ ಮಾಡಿರಲಿಲ್ಲ. ಮುಂದೆ ನಾರ್ತ್‌ಈಸ್ಟ್ ಯುನೈಟೆಡ್ ಮತ್ತು ಜೆಮ್‌ಶೆಡ್‌ಪುರ ತಂಡಗಳಲ್ಲೂ ಕಥೆ ಹೆಚ್ಚುಕಡಿಮೆ ಇದೇ: ಸಾಧಾರಣ ತಂಡ, ನಿರೀಕ್ಷೆ ಮೀರಿದ ಫಲಿತಾಂಶ.

ಜಮೀಲ್ ಅವರ ಶಕ್ತಿಯೂ ಮಿತಿಯೂ ಇರುವುದು ಇಲ್ಲಿಯೇ. ಬಲಾಢ್ಯರೆದುರು ಹಿಂದೆ ಸರಿದು ಕೋಟೆ ಕಟ್ಟುವುದು, ಸಿಕ್ಕ ಅವಕಾಶದಲ್ಲಿ ನೇರವಾಗಿ ಎರಗುವುದು ಅವರಿಗೆ ಕರಗತ. ಸೆಪ್ಟೆಂಬರ್‌ನಲ್ಲಿ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೇ ಸ್ಥಾನ ಪಡೆದದ್ದು ಹೀಗೆಯೇ. ಸಿಂಗಪುರದ ಎದುರು ಬೇಕಿದ್ದುದು ಬೇರೆ. ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಆಟವನ್ನು ಆಳುವ ತಂಡ. ಅಂಥದ್ದನ್ನು ಅವರು ಕಟ್ಟಿಕೊಡಲಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಆದರೆ ಅವರ ಕೈಗೆ ಬಂದದ್ದಾದರೂ ಏನು? ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಎರಡು ಅದಾಗಲೇ ಮುಗಿದಿದ್ದವು. ಬಾಂಗ್ಲಾದೇಶದೊಂದಿಗೆ ಶಿಲ್ಲಾಂಗ್‌ನಲ್ಲಿ ಡ್ರಾ, ಹಾಂಗ್‌ಕಾಂಗ್‌ನಲ್ಲಿ ಸೋಲು; ಸಿಕ್ಕಿದ್ದು ಒಂದು ಪಾಯಿಂಟ್. ಆಗ ಹೊಣೆ ಹೊತ್ತಿದ್ದವರು ಸ್ಪೇನಿನ ಮಾನೊಲೊ ಮಾರ್ಕೆಸ್. ಎಂಟು ಪಂದ್ಯಗಳಲ್ಲಿ ಅವರು ಗೆದ್ದದ್ದು ಒಂದನ್ನು, ಅದೂ ಮಾಲ್ಡೀವ್ಸ್ ಎದುರು. ಆ ಅವಧಿಯ ಬಹುಪಾಲು ಅವರು ಎಫ್‌ಸಿ ಗೋವಾ ತಂಡದ ಕೋಚ್ ಕೂಡ ಆಗಿದ್ದರು! ದೇಶದ ತಂಡವನ್ನು ಬಿಡುವಿನ ಕೆಲಸವಾಗಿಸಲು ಫೆಡರೇಷನ್ನೇ ಒಪ್ಪಿತ್ತೆಂಬುದನ್ನು ಮರೆಯಬಾರದು.

ಜಮೀಲ್ ಮೊದಲ ಶಿಬಿರ ನಡೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಫಿಫಾ ನಿಗದಿಪಡಿಸಿದ ಅವಧಿಯಲ್ಲ ಎಂಬ ಕಾರಣಕ್ಕೆ ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಇನ್ನೊಂದೆಡೆ, ಫೆಡರೇಷನ್‌ಗೆ ವರ್ಷಕ್ಕೆ ಸುಮಾರು 50 ಕೋಟಿ ರೂಪಾಯಿ ಕೊಡುತ್ತಿದ್ದ ವಾಣಿಜ್ಯ ಪಾಲುದಾರರ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದರಲ್ಲಿತ್ತು; ನವೀಕರಣವಾಗದೆ ಇಂಡಿಯನ್ ಸೂಪರ್ ಲೀಗ್ ಆ ವರ್ಷ ಆರಂಭವಾಗಲೇ ಇಲ್ಲ. ಲೀಗ್ ಪಂದ್ಯಗಳನ್ನೇ ಆಡದ ಕಾಲುಗಳು ಅಂತರರಾಷ್ಟ್ರೀಯ ಪಂದ್ಯದ ಕೊನೆಯ ಅರ್ಧ ಗಂಟೆಯಲ್ಲಿ ಓಡಬೇಕೆಂದರೆ ಹೇಗೆ?

2023ರ ಜುಲೈಯಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ತಂಡವನ್ನು ಸೋಲಿಸಿ ಸ್ಯಾಫ್ ಕಪ್ ಎತ್ತಿದಾಗ ಭಾರತ ವಿಶ್ವದ ಮೊದಲ ನೂರು ತಂಡಗಳ ಸಾಲಿನಲ್ಲಿತ್ತು. ಆನಂತರದ ಕುಸಿತ ಶುರುವಾದದ್ದು ಇಗೊರ್ ಸ್ಟಿಮಾಚ್ ಕಾಲದಲ್ಲಿ, ಮುಂದುವರಿದದ್ದು ಮಾರ್ಕೆಸ್ ಕಾಲದಲ್ಲಿ. ವಿದೇಶಿ ಕೋಚ್ ಸೋತಾಗ ಆತನನ್ನು ಬದಲಿಸುತ್ತೇವೆ. ಭಾರತೀಯ ಸೋತರೆ ಭಾರತೀಯರೆಲ್ಲರ ಮೇಲೂ ಅಪನಂಬಿಕೆ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ ತಂದುಕೊಟ್ಟವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಎಂಬುದು ಎಷ್ಟು ಜನರ ನೆನಪಿನಲ್ಲಿದೆಯೋ.

2012ರಲ್ಲಿ ಸಾವಿಯೊ ಮೆಡೇರಾ ನಿರ್ಗಮಿಸಿದ ಮೇಲೆ ಜಮೀಲ್ ಬರುವವರೆಗೆ ಪೂರ್ಣಾವಧಿ ಹುದ್ದೆ ಒಬ್ಬ ಭಾರತೀಯನಿಗೂ ದಕ್ಕಲಿಲ್ಲ. ಮುಂದಿನವರು ಮತ್ತೆ ಹದಿಮೂರು ವರ್ಷ ಕಾಯಬೇಕೇ ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ದೆಹಲಿಯ ಫುಟ್‌ಬಾಲ್ ಹೌಸ್.