ಟೂಲ್ಸ್ ಗಾಡಿ ಫ್ರಾಂಚೈಸಿ: ಸಹಿ ಹಾಕೋ ಮೊದಲು ಉದ್ರಿ ಲೆಕ್ಕ ಹಾಕಿ

ಎರಡು ತಿಂಗಳ ಹಿಂದೆ ಫೋನಲ್ಲಿ ಒಂದು ಜಾಹೀರಾತು ನೋಡಿ ಫಾರಂ ತುಂಬಿದ್ದೆ. ಮರುದಿನವೇ ಕರೆ ಬಂತು. "ಸರ್, ನಿಮ್ಮ ಚನ್ನಗಿರಿ ತಾಲ್ಲೂಕಿಗೆ ನಮ್ಮ ಟೂಲ್ಸ್ ಗಾಡಿ ಫ್ರಾಂಚೈಸಿ ಖಾಲಿ ಇದೆ. ಗಾಡಿ ತುಂಬ ಸಾಮಾನು ಇಟ್ಕೊಂಡು ಹಳ್ಳಿ ಹಳ್ಳಿಗೆ ಹೋಗೋದು, ಮಾರೋದು. ಅಂಗಡಿ ಬಾಡಿಗೆ ಇಲ್ಲ, ತಿಂಗಳಿಗೆ 50 ಸಾವಿರ ಎಲ್ಲೂ ಹೋಗಲ್ಲ" ಅಂದ್ರು. ನಮ್ಮದು ಎರಡೂವರೆ ಎಕರೆ ಅಡಿಕೆ. ಫಸಲಿನ ದುಡ್ಡು ವರ್ಷಕ್ಕೊಮ್ಮೆ. ತಿಂಗಳಿಗೆ 50 ಸಾವಿರ ಅಂದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ? ಮನೇಲಿ ಹೇಳಿದೆ. ಅಪ್ಪ ಒಂದೇ ಮಾತು ಕೇಳಿದ್ರು: "ಉದ್ರಿ ಕೇಳಿದ್ರೆ ಏನ್ ಮಾಡ್ತೀಯೋ ಮಗಾ?"

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಎರಡು ತಿಂಗಳು ಬೇಕಾಯ್ತು. ನಿಮಗೂ ಇಂಥ ಕರೆ ಬಂದಿರಬಹುದು, ಅದಕ್ಕೇ ಬರೀತಾ ಇದ್ದೀನಿ.

ಮೊದಲು ಒಳ್ಳೇದನ್ನೇ ಹೇಳ್ತೀನಿ. ಈ ಕೆಲಸದ ಅಗತ್ಯ ನಿಜವಾಗಲೂ ಇದೆ. ಮಳೆಗಾಲದಲ್ಲಿ ಬ್ರಷ್ ಕಟರ್ ಸ್ಟಾರ್ಟರ್ ಹಗ್ಗ ತುಂಡಾದ್ರೆ, ಇಲ್ಲ ಔಷಧಿ ಹೊಡೆಯೋ ಬ್ಯಾಟರಿ ಪಂಪ್‌ನ ವಾಷರ್ ಹೋದ್ರೆ, ಪೇಟೆಗೆ ಹೋಗಿ ಬರೋಕೆ ಅರ್ಧ ದಿನ ಬೇಕು. ಕೂಲಿಯವರು ಸುಮ್ನೆ ಕೂತಿರ್ತಾರೆ, ಸಂಬಳ ಕೊಡಲೇಬೇಕು. ಮನೆ ಬಾಗಿಲಿಗೆ ಗಾಡಿ ಬಂದ್ರೆ ಯಾವ ರೈತನೂ ಬೇಡ ಅನ್ನಲ್ಲ.

ಆದ್ರೆ ಈ ವ್ಯಾಪಾರದ ಪದ್ಧತಿ ಹುಟ್ಟಿದ್ದು ಎಲ್ಲಿ ಅಂತ ನೋಡಬೇಕು. ಅಮೆರಿಕದಲ್ಲಿ ಸ್ನ್ಯಾಪ್-ಆನ್, ಮ್ಯಾಟ್ಕೊ, ಮ್ಯಾಕ್ ಟೂಲ್ಸ್ ಥರದ ಕಂಪನಿಗಳು ಬಹಳ ವರ್ಷದಿಂದ ಹೀಗೇ ಮಾರ್ತಿವೆ. ಅಲ್ಲಿ ಫ್ರಾಂಚೈಸಿ ತಗೊಂಡವನು ವ್ಯಾನ್ ತುಂಬ ಸ್ಪ್ಯಾನರ್, ಸಾಕೆಟ್ ಇಟ್ಕೊಂಡು ವಾರಕ್ಕೊಮ್ಮೆ ಅದೇ ಗ್ಯಾರೇಜುಗಳಿಗೆ ಹೋಗ್ತಾನೆ. ಮೆಕ್ಯಾನಿಕ್‌ಗಳಿಗೆ ಕಂತಿನ ಮೇಲೆ ಕೊಡ್ತಾನೆ, ಮುಂದಿನ ವಾರ ಹೋದಾಗ ಕಂತು ವಸೂಲಿ ಮಾಡ್ತಾನೆ. ಅಲ್ಲಿನ ಮೆಕ್ಯಾನಿಕ್‌ಗೆ ವಾರಕ್ಕೋ ಹದಿನೈದು ದಿನಕ್ಕೋ ಸಂಬಳ ಬರುತ್ತೆ, ಹಾಗಾಗಿ ಕಂತು ಕಟ್ತಾನೆ. ನಮ್ಮ ಗಿರಾಕಿ ರೈತ. ಅವನಿಗೆ ಪಂಪ್, ಕಟರ್ ಬೇಕಾಗೋದು ಜೂನ್-ಜುಲೈನಲ್ಲಿ, ಕೈಗೆ ದುಡ್ಡು ಬರೋದು ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ. ಅಲ್ಲಿನ ಉದ್ರಿ ಏಳು ದಿನದ್ದು, ನಮ್ಮದು ಆರೇಳು ತಿಂಗಳದ್ದು. ಕಂಪನಿಯವರ ಲೆಕ್ಕದಲ್ಲಿ ಈ ವ್ಯತ್ಯಾಸ ಎಲ್ಲೂ ಇರಲಿಲ್ಲ.

ನಾನು ಹಾಕಿದ ಲೆಕ್ಕ ಇದು. ನಿಮ್ಮ ಕಡೆ ಅಂಕಿ ಬೇರೆ ಇರಬಹುದು, ಲೆಕ್ಕ ಹಾಕೋ ಕ್ರಮ ಇದೇ.

ತಿಂಗಳ ಖರ್ಚು:
- ಸೆಕೆಂಡ್ ಹ್ಯಾಂಡ್ ಗಾಡಿಗೆ 4 ಲಕ್ಷ ಸಾಲ, ನಾಲ್ಕು ವರ್ಷದ ಕಂತು: 10,500
- ದಿನಕ್ಕೆ 60 ಕಿ.ಮೀ., 24 ದಿನ, ಡೀಸೆಲ್: 8,200
- ಇನ್ಶೂರೆನ್ಸ್, ಟೈರು, ರಿಪೇರಿ, ಫೋನು: 5,000
- 4 ಲಕ್ಷದ ಸ್ಟಾಕ್ ಮೇಲಿನ ಬಡ್ಡಿ: 4,000
- ಕಂಪನಿಗೆ ತಿಂಗಳ ಫೀಸು: 3,000

ಒಟ್ಟು 30,700 ರೂಪಾಯಿ. ನನ್ನ ಕೂಲಿ ಅಂತ ಬರೀ 20 ಸಾವಿರ ಸೇರಿಸಿದ್ರೆ 50,700. ಎಲ್ಲಾ ಸಾಮಾನು ಸೇರಿಸಿ ಸರಾಸರಿ ನೂರಕ್ಕೆ 15 ರೂಪಾಯಿ ಲಾಭ ಅಂದುಕೊಂಡ್ರೂ ತಿಂಗಳಿಗೆ ಹತ್ತಿರ ಹತ್ತಿರ 3 ಲಕ್ಷ 40 ಸಾವಿರದ ವ್ಯಾಪಾರ ಆಗಬೇಕು. ಅಂದ್ರೆ ದಿನಕ್ಕೆ 14 ಸಾವಿರ. ಗುದ್ದಲಿ, ಮಚ್ಚು, ಕುಡುಗೋಲು ಮಾರಿ ದಿನಾ 14 ಸಾವಿರ ಮಾಡೋದು ಸುಲಭ ಅಲ್ಲ, ಆದ್ರೂ ಆಯ್ತು ಅಂತಲೇ ಇಟ್ಕೊಳ್ಳೋಣ.

ಈಗ ಅಪ್ಪನ ಪ್ರಶ್ನೆ. ಇದರಲ್ಲಿ ನೂರಕ್ಕೆ 40 ಉದ್ರಿ ಹೋಯ್ತು ಅನ್ನಿ. ಕೈಗೆ ಬಂದ ನಗದು 2 ಲಕ್ಷ 4 ಸಾವಿರ. ಖಾಲಿಯಾದ ಸ್ಟಾಕ್ ಮತ್ತೆ ತುಂಬೋಕೆ ಕಂಪನಿಗೆ 2 ಲಕ್ಷ 89 ಸಾವಿರ ಕಟ್ಟಬೇಕು, ಅದೂ ಮುಂಗಡ. ಮೇಲೆ 30,700 ಖರ್ಚು. ನನ್ನ ಕೂಲಿ ಬಿಟ್ರೂ ಆ ತಿಂಗಳು 1 ಲಕ್ಷ 15 ಸಾವಿರ ಕಡಿಮೆ ಬೀಳುತ್ತೆ. ಪುಸ್ತಕದಲ್ಲಿ ಲಾಭ ಇದೆ, ಜೇಬಲ್ಲಿ ದುಡ್ಡಿಲ್ಲ. ಹೀಗೆ ಮೂರು ತಿಂಗಳು ಹೋದ್ರೆ ಹೆಂಡತಿ ಒಡವೆ ಬ್ಯಾಂಕಿಗೆ ಹೋಗುತ್ತೆ.

ಇನ್ನೊಂದು ಲೆಕ್ಕ. 3,000 ರೂಪಾಯಿ ಪಂಪ್ ತಗೊಂಡೋನು ಒಬ್ಬ ದುಡ್ಡು ಕೊಡಲೇ ಇಲ್ಲ ಅಂದ್ರೆ ಹೋಗೋದು 450 ರೂಪಾಯಿ ಲಾಭ ಮಾತ್ರ ಅಲ್ಲ, 2,550 ರೂಪಾಯಿ ಅಸಲು. ಅದನ್ನ ವಾಪಸ್ ದುಡಿಯೋಕೆ ಇನ್ನೂ ಆರು ಪಂಪ್ ಮಾರಬೇಕು. ಉದ್ರಿ ಕೊಡಲ್ಲ ಅಂತೀರಾ? ಗಿರಾಕಿಗಳು ನಮ್ಮ ಮಾವ, ಚಿಕ್ಕಪ್ಪ, ಶಾಲೆ ಸ್ನೇಹಿತರು. ಇಲ್ಲ ಅಂದ್ರೆ ಮನಸ್ತಾಪ, ಕೊಟ್ಟು ಕೇಳಿದ್ರೂ ಮನಸ್ತಾಪ.

ಸಬ್ಸಿಡಿ ವಿಷಯಾನೂ ಮರೀಬೇಡಿ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ರೇಟಿಗೆ ಪಂಪ್ ಬರುತ್ತೆ ಅಂದ್ರೆ ಜನ ಕಾಯ್ತಾರೆ, ನಮ್ಮ ಗಾಡಿ ಹತ್ರ ಬರಲ್ಲ.

"ಮುದ್ರಾ ಸಾಲ ಸಿಗುತ್ತೆ, ಅಡಮಾನ ಬೇಡ" ಅಂತ ಕಂಪನಿಯವರು ಹೇಳಿದ್ದು ಸುಳ್ಳಲ್ಲ. ಕಿಶೋರ್‌ನಲ್ಲಿ 5 ಲಕ್ಷ, ತರುಣ್‌ನಲ್ಲಿ 10 ಲಕ್ಷದವರೆಗೂ ಇದೆ. ಆದ್ರೆ ಅಡಮಾನ ಇಲ್ಲ ಅಂದ್ರೆ ವಾಪಸ್ ಕಟ್ಟೋದು ಬೇಡ ಅಂತ ಅಲ್ಲವಲ್ಲ. ಕಂತು ತಪ್ಪಿದ್ರೆ ಸಿಬಿಲ್ ಸ್ಕೋರ್ ಬೀಳುತ್ತೆ, ನಾಳೆ ಬೆಳೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತೆ. ತೆರಿಗೆ ಕಡೆನೂ ಗಮನ ಇರಲಿ. ತಿಂಗಳಿಗೆ 3.4 ಲಕ್ಷ ಅಂದ್ರೆ ವರ್ಷಕ್ಕೆ 40 ಲಕ್ಷ ದಾಟುತ್ತೆ, ಆಗ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ನೆನಪಿದೆಯಲ್ಲ?

ನನಗೆ ಹೆಚ್ಚು ಯೋಚನೆ ಹತ್ತಿಸಿದ್ದು ಕರಾರು ಪತ್ರ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡೋ ಕಂಪನಿ, ಸಹಿ ಅಥವಾ ದುಡ್ಡು ತಗೊಳ್ಳೋ ಕನಿಷ್ಠ 14 ದಿನ ಮೊದಲು ತನ್ನ ಪೂರ್ತಿ ವಿವರದ ದಾಖಲೆ ಕೊಡಲೇಬೇಕು ಅಂತ ನಿಯಮ ಇದೆ. ನಮ್ಮಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ, 1872ರ ಕರಾರು ಕಾಯ್ದೆಯೇ ಆಧಾರ. ಹಾಗಾಗಿ ಬಾಯಿ ಮಾತಲ್ಲಿ ಏನೇ ಹೇಳಿರಲಿ, ನೀವು ಸಹಿ ಹಾಕಿದ ಕಾಗದದಲ್ಲಿ ಇದ್ದಷ್ಟೇ ಗಟ್ಟಿ.

ನಾನು ಕಂಪನಿಗೆ ನಾಲ್ಕು ಪ್ರಶ್ನೆ ವಾಟ್ಸಾಪ್ ಮಾಡಿದೆ:
1. ಮಾರಾಟ ಆಗದ ಸ್ಟಾಕ್ ವಾಪಸ್ ತಗೊಳ್ತೀರಾ, ಎಷ್ಟು ರೇಟಿಗೆ?
2. ನನ್ನ ತಾಲ್ಲೂಕಲ್ಲಿ ಇನ್ನೊಬ್ಬರಿಗೆ ಕೊಡಲ್ಲ ಅಂತ ಬರೆದು ಕೊಡ್ತೀರಾ? ನೀವೇ ಆನ್‌ಲೈನಲ್ಲಿ ಕಮ್ಮಿಗೆ ಮಾರಲ್ವಾ?
3. ವಾರಂಟಿ ರಿಪೇರಿ ಖರ್ಚು ಯಾರದ್ದು?
4. ಈಗಾಗಲೇ ನಡೆಸ್ತಿರೋ ಮೂವರ ನಂಬರ್ ಕೊಡ್ತೀರಾ? ಬಿಟ್ಟವರದ್ದೂ ಒಬ್ಬರದ್ದು ಬೇಕು.

ಮೂರನೇದಕ್ಕೆ ಮಾತ್ರ ಸರಿಯಾದ ಉತ್ತರ ಬಂತು. ಉಳಿದದ್ದಕ್ಕೆ "ಆಫೀಸಿಗೆ ಬನ್ನಿ ಸರ್, ಕೂತು ಮಾತಾಡೋಣ" ಅಂದ್ರು. ನಾನು ಹೋಗಲಿಲ್ಲ.

ಹಾಗಂತ ಆಸೆ ಬಿಟ್ಟಿಲ್ಲ. 35 ಸಾವಿರ ಹಾಕಿ ಸ್ಪಾರ್ಕ್ ಪ್ಲಗ್, ಸ್ಟಾರ್ಟರ್ ಹಗ್ಗ, ನೈಲಾನ್ ದಾರ, ಬ್ಲೇಡು, ಪಂಪಿನ ವಾಷರ್, ನಾಜಲ್ ತಂದಿದ್ದೀನಿ. ಬೈಕಿಗೆ ಒಂದು ಪೆಟ್ಟಿಗೆ ಕಟ್ಟಿದ್ದೀನಿ. ವಾರಕ್ಕೆ ಎರಡು ದಿನ ಆರು ಹಳ್ಳಿ ಸುತ್ತುತ್ತೀನಿ, ಸಣ್ಣ ರಿಪೇರಿನೂ ಮಾಡ್ತೀನಿ. ನೂರು, ಇನ್ನೂರರ ಸಾಮಾನಿಗೆ ಯಾರೂ ಉದ್ರಿ ಕೇಳಲ್ಲ, ಅಲ್ಲೇ ಸ್ಕ್ಯಾನ್ ಮಾಡ್ತಾರೆ. ರಿಪೇರಿ ಕೂಲಿ ಪೂರ್ತಿ ನಂದೇ. ಯಾವ ಊರಲ್ಲಿ ಏನು ಕೇಳಿದ್ರು, ಯಾರು ನಗದು ಕೊಟ್ರು ಅಂತ ರಾತ್ರಿ ನೋಟ್‌ಬುಕ್ಕಲ್ಲಿ ಬರೀತೀನಿ. ಒಂದು ಮಳೆಗಾಲ, ಒಂದು ಕೊಯ್ಲು ಕಳೆದ್ರೆ ಗಾಡಿ ಬೇಕಾ ಬೇಡವಾ ಅಂತ ಆ ನೋಟ್‌ಬುಕ್ಕೇ ಹೇಳುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ಟೂಲ್ಸ್ ಗಾಡಿ ಕೆಟ್ಟ ವ್ಯಾಪಾರ ಅಲ್ಲ. ಆದ್ರೆ ಅದರಲ್ಲಿ ನಾವು ಸ್ಪ್ಯಾನರ್ ಮಾರ್ತೀವಿ ಅಂದುಕೊಂಡಿರ್ತೀವಿ, ಅಸಲಿಗೆ ಮಾಡೋದು ಸಾಲ ಕೊಡೋ ಕೆಲಸ, ಅದೂ ನಾವು ಸಾಲ ತಂದು. ಆರು ತಿಂಗಳ ಉದ್ರಿ ತಡ್ಕೊಳ್ಳೋ ಸ್ವಂತ ದುಡ್ಡು ಇದ್ರೆ, ಪ್ರಶ್ನೆಗೆಲ್ಲ ಬರಹದಲ್ಲಿ ಉತ್ತರ ಸಿಕ್ರೆ ಧೈರ್ಯವಾಗಿ ಹಾಕಿ. ಇಲ್ಲದಿದ್ರೆ ಮೊದಲು ಬೈಕಲ್ಲಿ ಸುತ್ತಿ ನೋಡಿ, ಗಾಡಿ ಆಮೇಲೆ ತಗೊಂಡ್ರಾಯ್ತು.