ಎಂಟನೇ ಕ್ಲಾಸಿನ ಸೈಕಲ್ ಎಲ್ಲಿ ಹೋಯ್ತು?

ಬೆಂಗಳೂರಲ್ಲಿ ಸೈಕಲ್ ತುಳಿಯೋರ ಬೇಡಿಕೆಗಳು ನನಗೆ ಬಾಯಿಪಾಠ. ರಿಂಗ್ ರೋಡಲ್ಲಿ ಬೇರೆ ಪಥ ಬೇಕು, ಮೆಟ್ರೋದೊಳಗೆ ಸೈಕಲ್ ಬಿಡಬೇಕು, ಆಫೀಸಲ್ಲಿ ಸ್ನಾನಕ್ಕೆ ಜಾಗ ಬೇಕು. ಎಲ್ಲ ನ್ಯಾಯವಾದದ್ದೇ, ನಾನೂ ಸಹಿ ಹಾಕಿದ್ದೀನಿ. ಆದರೆ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡ್ತಿದ್ದ ಸೈಕಲ್ ಮತ್ತೆ ಕೊಡಿ ಅಂತ ಒಂದು ಸಾಲು ಆ ಪಟ್ಟಿಯಲ್ಲಿ ಇವತ್ತಿನ ತನಕ ನೋಡಿಲ್ಲ.

ಮರೆತವರಿಗೆ ನೆನಪಿಸ್ತೀನಿ. 2006-07ರಲ್ಲಿ ಶುರುವಾದ ಯೋಜನೆ ಅದು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಬಂತು. ಎಂಟನೇ ಕ್ಲಾಸೇ ಯಾಕೆ ಅಂದ್ರೆ, ಏಳರ ತನಕ ಶಾಲೆ ಊರಲ್ಲೋ ಪಕ್ಕದೂರಲ್ಲೋ ಇರುತ್ತೆ. ಹೈಸ್ಕೂಲಿಗೆ ಹೋಬಳಿಗೆ ಹೋಗಬೇಕು. ಹುಡುಗಿಯರ ಓದು ನಿಲ್ಲೋದು ಆ ನಡುವಿನ ನಾಲ್ಕೈದು ಕಿಲೋಮೀಟರಲ್ಲಿ. ನಾನು ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಕಲಿತವನು, ಹೈಸ್ಕೂಲಿಗೆ ನಡೆದೇ ಹೋದೆ. ತಂಗಿಯ ಹೊತ್ತಿಗೆ ಯೋಜನೆ ಬಂದಿತ್ತು. ಸೈಕಲ್ ಬರದಿದ್ರೆ ಅಪ್ಪ ಅವಳನ್ನ ಕಳಿಸ್ತಿದ್ರಾ ಅನ್ನೋ ಪ್ರಶ್ನೆಯನ್ನ ನಮ್ಮನೇಲಿ ಯಾರೂ ಎತ್ತಲ್ಲ.

2020ರಲ್ಲಿ ಕೋವಿಡ್ ಬಂತು, ಶಾಲೆ ಮುಚ್ಚಿತು, ಸೈಕಲ್ ನಿಂತಿತು. ಶಾಲೆ ತೆರೆದ ಮೇಲೂ ಸೈಕಲ್ ಬರಲಿಲ್ಲ.

2024ರ ಫೆಬ್ರವರಿಯಲ್ಲಿ ರಜೆ ಹಾಕಿ, ಹೆದ್ದಾರಿ ಬಿಟ್ಟು ಸುತ್ತು ಹಾದಿಯಲ್ಲಿ ಬೆಂಗಳೂರಿಂದ ಚಿತ್ರದುರ್ಗಕ್ಕೆ ಒಬ್ಬನೇ ಹೊರಟಿದ್ದೆ. ಎರಡನೇ ದಿನದ ಹಾದಿ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ. ಈ ನಾಲ್ಕು ತಾಲ್ಲೂಕು ಸೇರಿದ್ರೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅಂದ್ರೆ ಒಂದು ಶೈಕ್ಷಣಿಕ ಜಿಲ್ಲೆಯನ್ನ ಒಂದೇ ದಿನದಲ್ಲಿ ಸೈಕಲ್ ಮೇಲೆ ತಪಾಸಣೆ ಮಾಡಿದಂಗಾಯ್ತು. (ಇಲಾಖೆಯವರು ಟಿಎ ಕೊಡಲ್ಲ, ಬಿಡಿ.) ಮಧುಗಿರಿಯ ಏಕಶಿಲಾ ಬೆಟ್ಟದ ಫೋಟೊ ತೆಗೆದು, ತಟ್ಟೆ ಇಡ್ಲಿ ತಿಂದು ಮಿಡಿಗೇಶಿ ಕಡೆ ತಿರುಗೋ ಹೊತ್ತಿಗೆ ಒಂಬತ್ತು ಗಂಟೆ. ಹುಣಸೆಮರದ ನೆರಳಲ್ಲಿ ಹುಡುಗಿಯರ ಗುಂಪು ಶಾಲೆಗೆ ನಡ್ಕೊಂಡು ಹೋಗ್ತಿತ್ತು.

"ಅಣ್ಣಾ, ಗೇರ್ ಸೈಕಲ್ಲಾ? ಎಷ್ಟಾಯ್ತು?"

ಈ ಪ್ರಶ್ನೆಗೆ ನಾನು ಬೆಲೆ ಹೇಳಲ್ಲ. ಆ ದುಡ್ಡಲ್ಲಿ ಅವಳ ಕ್ಲಾಸಿನ ಅರ್ಧ ಮಕ್ಕಳಿಗೆ ಸೈಕಲ್ ಬರುತ್ತೆ. ನಿಮಗೆ ಸೈಕಲ್ ಕೊಟ್ಟಿಲ್ವಾ ಅಂದೆ.

"ನಮ್ಮಕ್ಕಂಗೆ ಕೊಟ್ಟಿದ್ರು. ನಮ್ಗೆ ಕೊಡ್ಲಿಲ್ಲ."

ಅಲ್ಲಿಂದ ಎಣಿಸ್ತಾ ಹೋದೆ. ನಡುವೆ ಆಂಧ್ರದ ಒಂದು ತುಂಡು ಸಿಗುತ್ತೆ, ಬೋರ್ಡು ತೆಲುಗಾಗುತ್ತೆ, ಆಮೇಲೆ ಮತ್ತೆ ನಮ್ಮ ರಾಜ್ಯ. ಶಿರಾ ಮುಟ್ಟೋ ತನಕ ನೂರಕ್ಕೂ ಹೆಚ್ಚು ಕಿಲೋಮೀಟರಲ್ಲಿ ಕಂಡ ಶಾಲಾ ಸೈಕಲ್ ಏಳು. ಏಳೂ ತುಕ್ಕು ಹಿಡಿದವು, ಅಕ್ಕಂದೋ ಅಣ್ಣಂದೋ ಬಿಟ್ಟುಹೋದವು.

ಪಾವಗಡದ ಬಿಸಿಲು ಹೊಕ್ಕಾಗ ಸಿಟ್ಟೂ ಏರಿತು. ಇದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ರೈತರ ಜಮೀನನ್ನ ಗುತ್ತಿಗೆಗೆ ತಗೊಂಡು ಕಟ್ಟಿದ್ದು. ನಮ್ಮ ಲ್ಯಾಪ್‌ಟಾಪಿಗೆ, ಏಸಿಗೆ ಬರೋ ಕರೆಂಟಲ್ಲಿ ಈ ಬಿಸಿಲೂ ಸೇರಿದೆ. ಬಿಸಿಲು ಕೊಟ್ಟ ಊರಿನ ಹುಡುಗಿ ಅದೇ ಬಿಸಿಲಲ್ಲಿ ನಡೀತಾಳೆ. ನಾವು ಇನ್‌ಸ್ಟಾಗ್ರಾಮಲ್ಲಿ 'ಗೋ ಗ್ರೀನ್' ಅಂತ ಹಾಕ್ತೀವಿ.

ಇದನ್ನ ಆಫೀಸಲ್ಲಿ ಹೇಳಿದ್ರೆ ತಕ್ಷಣ ಉತ್ತರ ರೆಡಿ. ಶಕ್ತಿ ಯೋಜನೆ ಬಂದಿದೆಯಲ್ಲ, ಬಸ್ ಫ್ರೀ. ಹೌದು, ಜೂನ್ 2023ರಿಂದ ಫ್ರೀ, ಒಳ್ಳೆಯದೇ ಆಯ್ತು. ಬಸ್ಸು ಬರೋ ಊರಿಗೆ ಬಸ್ಸು ಫ್ರೀ. ಗೊಲ್ಲರಹಟ್ಟಿಗೆ, ತಾಂಡಾಕ್ಕೆ ಸ್ಕೂಲ್ ಟೈಮಿಗೆ ಯಾವ ಬಸ್ಸು ಬರುತ್ತೆ ಅಂತ ಒಂದು ಸಲ ಹೋಗಿ ನಿಂತು ನೋಡಿ. ಎಲ್ಲರ ಮನೇಲೂ ಬೈಕ್ ಇದೆಯಲ್ಲ? ಇದೆ, ಬೆಳಿಗ್ಗೆ ಅಪ್ಪನ ಜೊತೆ ಹೋಗುತ್ತೆ. ಆ ಸೈಕಲ್ ಕಳಪೆ, ವರ್ಷಕ್ಕೇ ಮುರೀತಿತ್ತು? ಕೆಲವು ಮುರೀತಿದ್ವು, ನಿಜ. ನಾವು ಸಾಫ್ಟ್‌ವೇರಿನೋರು, ಬಗ್ ಇದ್ರೆ ಸರಿ ಮಾಡ್ತೀವಿ. ಬಗ್ ಸಿಕ್ತು ಅಂತ ಪ್ರಾಡಕ್ಟನ್ನೇ ಡಿಲೀಟ್ ಮಾಡಿದ ಮ್ಯಾನೇಜರನ್ನ ನಾನಂತೂ ನೋಡಿಲ್ಲ.

ಡೇಟಾ ಬೇಕು ಅನ್ನೋರಿಗೆ ಡೇಟಾನೂ ಇದೆ. ಬಿಹಾರದಲ್ಲೂ 2006ರಲ್ಲೇ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನ ಅಳೆದು ನೋಡಿದ್ರು. ಹೈಸ್ಕೂಲಿಗೆ ಸೇರೋ ಹುಡುಗಿಯರ ಪ್ರಮಾಣ 32% ಏರಿತ್ತು. ಹೆಚ್ಚಿನ ಏರಿಕೆ ಕಂಡಿದ್ದು ಹೈಸ್ಕೂಲಿಂದ 3 ಕಿ.ಮೀ.ಗಿಂತ ದೂರದ ಹಳ್ಳಿಗಳಲ್ಲಿ. ಸರ್ಕಾರದ ಎಷ್ಟು ಯೋಜನೆಗಳಿಗೆ ಇಷ್ಟು ಗಟ್ಟಿ ಲೆಕ್ಕ ಇದೆ, ಹೇಳಿ?

ಕೊನೆಗೊಬ್ಬ ಗೆಳೆಯ, 'ಸಿಎಸ್‌ಆರ್ ಫಂಡಲ್ಲಿ ಐವತ್ತು ಸೈಕಲ್ ಕೊಡಿಸೋಣ ಮಗಾ, ಬ್ಯಾನರ್ ಹಾಕಿ ಒಂದು ರೈಡ್ ಮಾಡೋಣ' ಅಂದ. ಬೇಡಪ್ಪಾ. ಐವತ್ತು ಸೈಕಲ್ ಒಂದು ಶಾಲೆಗೆ ಒಂದು ವರ್ಷ ಬರುತ್ತೆ, ಮುಂದಿನ ವರ್ಷ ಯಾರ ಮನೆ ಬಾಗಿಲು ತಟ್ಟೋದು? ನನ್ನ ತಂಗಿ ಬ್ಯಾನರ್ ಹಿಡಿದು ಫೋಟೊಗೆ ನಿಲ್ಲಲಿಲ್ಲ, ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ. ಎಂಟನೇ ಕ್ಲಾಸಿಗೆ ಬಂದ್ಲು, ಸೈಕಲ್ ಸಿಕ್ತು, ಬೆಲ್ ಹೊಡ್ಕೊಂಡು ಹೋದ್ಲು.